‘ವನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂದೇ ಕಲಿಸಬಹುದೇ?

ಕುಮಟಾ ಅಕ್ಕೋರು

ಅಘನಾಶಿನಿ ಹೊಳೆ ಬದಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸ್ತೇನೆ. ಒಂಬತ್ತನೇ ತರಗತಿಯವರಿಗೆ ಕೆಲವು ಇಂಗ್ಲಿಷ್ ನುಡಿಗಟ್ಟು ಕೊಟ್ಟು ಸ್ವಂತ ವಾಕ್ಯ ಮಾಡಲು ಹೇಳಿದ್ದೆ. ಅದರಲ್ಲಿ ‘ವನ್ಸ್ ಇನ್ ಎ ಬ್ಲೂ ಮೂನ್’ ಕೂಡ ಇತ್ತು. ಮಕ್ಕಳ ಹತ್ತಿರ ಇರುವ ಗೈಡಿನಲ್ಲಿ ಅದಕ್ಕೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂದು ಅರ್ಥ ಕೊಟ್ಟಿದ್ದಾರೆ.

ಒಬ್ಬ ಹುಡುಗಿ ಬರೆದ ವಾಕ್ಯ: ‘ಮೈ ಗ್ರ್ಯಾಂಡ್‌ಮದರ್ ಗೋಸ್ ಟು ದ ರಿವರ್ ಫಾರ್ ಶೆಲ್ಸ್ ವನ್ಸ್ ಇನ್ ಎ ಬ್ಲೂ ಮೂನ್.’ ವ್ಯಾಕರಣ ಸರಿ, ಕಾಗುಣಿತ ಸರಿ. ಅಜ್ಜಿ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯಲು ಹೊಳೆಗೆ ಹೋಗುವುದು ಬಹಳ ಅಪರೂಪ ಎಂದೇ ಓದಿಕೊಂಡೆ. ಆದರೂ ಅನುಮಾನ ಬಂದು ಕರೆದು ಕೇಳಿದೆ. ‘ಇಲ್ಲ ಅಕ್ಕೋರೆ, ಅಜ್ಜಿ ಪ್ರತಿ ಅಮಾಸೆಗೂ ಹೋಗ್ತದೆ, ಹುಣ್ಮೆಗೂ ಹೋಗ್ತದೆ. ಆವಾಗಲ್ವಾ ನೀರು ಪೂರ್ತಿ ಇಳಿಯೂದು’ ಅಂದಳು. ಅವಳು ಹೇಳಬೇಕೆಂದದ್ದಕ್ಕೆ ವಾಕ್ಯದ ಅರ್ಥ ಪೂರಾ ಉಲ್ಟಾ.

ಅಂಕ ಕೊಡಬೇಕೇ, ಬೇಡವೇ? ಅದಕ್ಕಿಂತ ಮುಖ್ಯವಾಗಿ, ಹೊಳೆ-ಸಮುದ್ರದ ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡಬೇಕು? ತಿಳಿದವರು ಹೇಳಿ.

ಹೊನ್ನಾವರ ಮಾಸ್ತರು

ಅಕ್ಕೋರೆ, ಆ ಹುಡುಗಿಗೆ ಅಂಕ ಕೊಡಿ. ಗೈಡು ಹೇಳಿದ್ದನ್ನು ಅಕ್ಷರಶಃ ನಂಬಿ, ತನ್ನ ಮನೆಯಲ್ಲಿ ಕಂಡದ್ದಕ್ಕೆ ಜೋಡಿಸಿದ್ದಾಳೆ. ಪಕ್ಕದವರ ವಾಕ್ಯ ನೋಡಿ ಬರೆದಿದ್ದರೆ ಈ ತೊಡಕೇ ಬರುತ್ತಿರಲಿಲ್ಲ.

‘ಅವ ಊರಿಗೆ ಬರೂದು ಅಮಾಸೆಗೊಮ್ಮೆ ಹುಣ್ಮೆಗೊಮ್ಮೆ’ ಎಂದು ನಾವು ಅಂದರೆ ಹದಿನೈದು ದಿನಕ್ಕೊಮ್ಮೆ ಬರ್ತಾನೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಬರುವುದೇ ಕಡಿಮೆ, ಇನ್ನೂ ಬರಬೇಕಿತ್ತು ಎಂಬ ಅಸಮಾಧಾನ ಅದರಲ್ಲಿ ಉಂಟು. ಇಂಗ್ಲಿಷಿನ ಮಾತಿನಲ್ಲೂ ಹಾಗೇ. ‘ಹಿ ಕಾಲ್ಸ್ ಹಿಸ್ ಮದರ್ ವನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಫೋನಿನ ಲೆಕ್ಕಕ್ಕಿಂತ ದೂರೇ ಮುಂದೆ ನಿಲ್ಲುತ್ತದೆ.

ಬಳಕೆಯಲ್ಲಿ ನಮ್ಮ ಮಕ್ಕಳು ಎಡವುವ ಜಾಗಗಳನ್ನು ಹೇಳ್ತೇನೆ. ಇದು ಮತ್ತೆ ಮತ್ತೆ ಆಗುವ, ಆದರೆ ನಡುವೆ ಬಹಳ ದಿನ ಬಿಡುವ ಸಂಗತಿಗೆ ಹೇಳುವ ಮಾತು. ‘ನಿನ್ನೆ ನಮ್ಮ ಬಸ್ಸು ಕೆಟ್ಟಿತು’ ಎಂಬಂಥ ಒಂದೇ ಸಲದ ಘಟನೆಗೆ ಇದನ್ನು ಅಂಟಿಸಬಾರದು. ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಓನ್ಲಿ’ ಜೊತೆಗಿದ್ದರೆ ದೂರು ಇನ್ನಷ್ಟು ಗಟ್ಟಿ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ‘ನಾಟ್’ ಸೇರಿಸುವುದು. ‘ಅವ ಅಪರೂಪಕ್ಕೂ ಬರೂದಿಲ್ಲ’ ಎಂದು ಕನ್ನಡದಲ್ಲಿ ಯೋಚಿಸಿ, ‘ಹಿ ಡಸ್ ನಾಟ್ ಕಮ್ ವನ್ಸ್ ಇನ್ ಎ ಬ್ಲೂ ಮೂನ್’ ಎಂದು ಬರೆಯುತ್ತಾರೆ. ಅಪರೂಪಕ್ಕೆ ಬರುತ್ತಾನೆ ಎಂದರೆ ಬರುತ್ತಾನೆ ಎಂದೇ ಅರ್ಥ, ಅಲ್ಲಿಗೆ ‘ನಾಟ್’ ಬೇಡ. ಅರ್ಜಿ, ವರದಿಗಳಲ್ಲಿ ಈ ನುಡಿಗಟ್ಟು ಬೇಡವೇ ಬೇಡ, ‘ರೇರ್‌ಲಿ’ ಸಾಕು.

‘ವನ್ಸ್ ಇನ್ ಎ ವೈಲ್’ ಬೇರೆ. ಅದು ಆಗೊಮ್ಮೆ ಈಗೊಮ್ಮೆ. ಅಜ್ಜಿಯ ವಾಕ್ಯಕ್ಕೆ ಅದೂ ಸಲ್ಲದು. ಅಲ್ಲಿ ಬೇಕಾದ್ದು ‘ಆನ್ ಎವ್ರಿ ನ್ಯೂ ಮೂನ್ ಆ್ಯಂಡ್ ಫುಲ್ ಮೂನ್’ ಎಂಬ ನೇರ ಮಾತು. ಹುಡುಗಿಗೆ ಅದನ್ನೇ ಬರೆಸಿ.

ಬೈತಖೋಲ ಬಂದರು

ಮಾಸ್ತರರು ಹೇಳಿದ್ದು ಸರಿ. ನಾನು ಕಾರವಾರದಿಂದ ಸಮುದ್ರದ ಕಡೆಯ ಮಾತೊಂದು ಸೇರಿಸ್ತೇನೆ.

ನಮ್ಮಲ್ಲಿ ಅಮಾಸೆ, ಹುಣ್ಮೆ ಅಂದರೆ ಅಪರೂಪ ಅನ್ನುವ ಭಾವನೆ ಬರೂದೇ ಇಲ್ಲ. ಕೆಲಸದ ದಿನ ಗೊತ್ತುಮಾಡೂದೇ ಅದರ ಮೇಲೆ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬರೂದರಿಂದ ಆ ದಿನಗಳಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿ ಹೊತ್ತಿಗೆ ನೀರಿನ ಏರಿಳಿತ ಮಂದ. ಹುಣ್ಮೆ ಆಗಿ ಒಂದೆರಡು ದಿನದವರೆಗೂ ಇಳಿತ ಜೋರಿರ್ತದೆ. ಬೇರೆ ದಿನ ಸೊಂಟದವರೆಗೆ ನೀರಿರುವ ಕಡೆ ಆವಾಗ ಕೆಸರು ಬರಿದಾಗಿ ಕಾಣ್ತದೆ. ಬುಟ್ಟಿ ಹಿಡಿದವರು ಇಳಿಯೂದು ಆ ಹೊತ್ತಿಗೇ. ಹಾಗಾಗಿ ಅಕ್ಕೋರ ಶಾಲೆಯ ಹುಡುಗಿ ಬೇರೆ ಥರ ಯೋಚಿಸಲು ಸಾಧ್ಯವೇ ಇರಲಿಲ್ಲ.

ಬ್ಲೂ ಮೂನ್ ಅಂದರೆ ನಿಜವಾಗಿ ಯಾವ ಹುಣ್ಮೆ ಎಂದು ಯಾರಾದರೂ ಹೇಳ್ತೀರಾ? 2023ರ ನೂಲಹುಣ್ಣಿಮೆಗೆ ಟಿವಿಯಲ್ಲಿ ‘ಬ್ಲೂ ಮೂನ್’ ಅಂದರು. 2024ರ ನೂಲಹುಣ್ಣಿಮೆಗೂ ಅದನ್ನೇ ಅಂದರು. ಎರಡೂ ಸಲ ಸಮುದ್ರಕ್ಕೆ ಕಾಯಿ ಬಿಡಲು ದಂಡೆಗೆ ಬಂದಿದ್ದ ಮಕ್ಕಳು ಕೇಳಿದರು, ಅಪರೂಪದ್ದು ಅಂದ ಮೇಲೆ ಒಂದರ ಹಿಂದೊಂದು ವರ್ಷ ಹೇಗೆ ಬಂತು ಎಂದು.

ಅಂಕೋಲಾದ ಆಕಾಶ ನೋಡುವವಳು

ಬೈತಖೋಲ ಅಣ್ಣಾ, ಮಕ್ಕಳು ಬಹಳ ಒಳ್ಳೆ ಪ್ರಶ್ನೆ ಕೇಳಿದ್ದಾರೆ. ಬ್ಲೂ ಮೂನಿಗೆ ಎರಡು ಲೆಕ್ಕ ಉಂಟು. 2023ರದ್ದು ಒಂದು ಲೆಕ್ಕದ್ದು, 2024ರದ್ದು ಇನ್ನೊಂದರದ್ದು.

ಹಳೆಯ ಲೆಕ್ಕ ಋತುವಿನದ್ದು. ಅಮೆರಿಕದ ‘ಮೇನ್ ಫಾರ್ಮರ್ಸ್ ಅಲ್ಮನಾಕ್’ ಎಂಬ ಪಂಚಾಂಗದಂಥ ಪುಸ್ತಕದವರು ಬಳಸುತ್ತಿದ್ದದ್ದು ಇದೇ. ವರ್ಷಕ್ಕೆ ನಾಲ್ಕು ಋತು, ಒಂದೊಂದಕ್ಕೆ ಮೂರು ಹುಣ್ಣಿಮೆ. ಯಾವುದಾದರೂ ಋತುವಿನಲ್ಲಿ ನಾಲ್ಕು ಬಂದರೆ ಅದರಲ್ಲಿ ಮೂರನೆಯದು ಬ್ಲೂ ಮೂನ್. 2024ರ ಆಗಸ್ಟ್ 19 ಹಾಗೆ ಬಂದದ್ದು: ಜೂನ್ ಅಯನದಿಂದ (ನಮಗೆ ಹಗಲು ಅತಿ ಉದ್ದದ ದಿನ) ಸೆಪ್ಟೆಂಬರ್ ವಿಷುವದ (ಹಗಲು-ರಾತ್ರಿ ಸಮವಾಗುವ ದಿನ) ಒಳಗೆ ಬಿದ್ದ ನಾಲ್ಕು ಹುಣ್ಣಿಮೆಗಳಲ್ಲಿ ಮೂರನೆಯದು.

ಈಗ ಎಲ್ಲರ ಬಾಯಲ್ಲಿರುವ ಲೆಕ್ಕ ಇಂಗ್ಲಿಷ್ ತಿಂಗಳಿನದ್ದು. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದು ಬ್ಲೂ ಮೂನ್. ಇದು ಒಂದು ತಪ್ಪು ಓದಿನಿಂದ ಹುಟ್ಟಿದ್ದು. 1946ರ ಮಾರ್ಚಿನಲ್ಲಿ ‘ಸ್ಕೈ ಆ್ಯಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಜೇಮ್ಸ್ ಹ್ಯೂ ಪ್ರುಯೆಟ್ ಎಂಬವರು ಆ ಅಲ್ಮನಾಕಿನ ಲೆಕ್ಕವನ್ನು ಸರಳ ಮಾಡಹೋಗಿ ಹೀಗೆ ಬರೆದರು. 1980ರಲ್ಲಿ ಅಮೆರಿಕದ ಒಂದು ರೇಡಿಯೋ ಕಾರ್ಯಕ್ರಮ ಅದನ್ನೇ ಹೇಳಿತು, ಲೋಕಕ್ಕೆಲ್ಲ ಹಬ್ಬಿತು. 1999ರಲ್ಲಿ ಅದೇ ಪತ್ರಿಕೆ ಮೂಲ ಹುಡುಕಿ ತಪ್ಪು ಎಲ್ಲಿ ಆಯಿತೆಂದು ಬರೆಯಿತು. ಆದರೆ ಅಷ್ಟು ಹೊತ್ತಿಗೆ ಜನ ತಿಂಗಳ ಲೆಕ್ಕವನ್ನೇ ಒಪ್ಪಿಕೊಂಡಾಗಿತ್ತು.

2023ರ ಆಗಸ್ಟ್ ನಮ್ಮ ಗಡಿಯಾರದಲ್ಲಿ ಬಹಳ ಚಂದದ ಉದಾಹರಣೆ. ಮೊದಲ ಹುಣ್ಣಿಮೆ ಪೂರ್ಣವಾದದ್ದು ಆಗಸ್ಟ್ 2ಕ್ಕೆ, ಮಧ್ಯರಾತ್ರಿ ದಾಟಿ ಒಂದೆರಡು ನಿಮಿಷಕ್ಕೆ. ಲಂಡನ್ನಿನಲ್ಲಿ ಅದು ಆಗಸ್ಟ್ 1ರ ಸಂಜೆ. ಎರಡನೆಯದು ನಮಗೆ ಆಗಸ್ಟ್ 31ರ ಬೆಳಿಗ್ಗೆ 7 ಗಂಟೆ ಹೊತ್ತಿಗೆ, ಅಂದರೆ 30ರ ರಾತ್ರಿ ನೋಡಿದ ಚಂದ್ರನೇ. ಅವತ್ತು ಚಂದ್ರ ಭೂಮಿಗೆ ಸುಮಾರು 3.57 ಲಕ್ಷ ಕಿಲೋಮೀಟರಿನಷ್ಟು ಹತ್ತಿರ ಬಂದಿದ್ದ, ಹಾಗಾಗಿ ಸೂಪರ್ ಮೂನ್ ಕೂಡ. ಬೇರೆ ಹುಣ್ಣಿಮೆಗಿಂತ ಭರತ ಹೆಚ್ಚಾಗುವುದು ಆ ಹತ್ತಿರದ ಕಾರಣಕ್ಕೆ. ಬ್ಲೂ ಮೂನ್ ಎಂಬ ಹೆಸರಿಗೂ ನೀರಿಗೂ ಸಂಬಂಧ ಇಲ್ಲ.

ಶಿರಸಿ ತೋಟದಿಂದ

ತಂಗೀ, 2023ರಲ್ಲಿ ಶ್ರಾವಣವೇ ಎರಡು ಬಂದಿತ್ತು, ಅದನ್ನು ಬಿಟ್ಟೆಯಲ್ಲ. ಅಧಿಕ ಶ್ರಾವಣ ಜುಲೈ 18ರಿಂದ ಆಗಸ್ಟ್ 16. ಆಮೇಲೆ ನಿಜ ಶ್ರಾವಣ. ಆಗಸ್ಟಿನ ಮೊದಲ ಹುಣ್ಣಿಮೆ ಅಧಿಕದ್ದು, ಅದಕ್ಕೆ ನೂಲಹುಣ್ಣಿಮೆ ಮಾಡುವ ಹಾಗಿಲ್ಲ. ಎರಡನೆಯದು ನಿಜದ್ದು, ಹಬ್ಬ ಅವತ್ತೇ. ಯಾಂತ್ರಿಕ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿದರೂ ಆ ವರ್ಷ ಸಮುದ್ರ ಪೂಜೆಗೆ ಆಗಸ್ಟ್ 30ರವರೆಗೆ ಕಾಯಬೇಕಾದದ್ದು ಇದಕ್ಕೇ.

ಇದು ಕಾಕತಾಳೀಯ ಅಲ್ಲ. ಎರಡಕ್ಕೂ ಮೂಲ ಒಂದೇ ಲೆಕ್ಕ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಹನ್ನೆರಡು ಸೇರಿದರೆ 354 ದಿನ ಚಿಲ್ಲರೆ. ಸೂರ್ಯನ ವರ್ಷ 365 ದಿನ ಚಿಲ್ಲರೆ. ವರ್ಷಕ್ಕೆ 11 ದಿನದ ಹತ್ತಿರ ಉಳಿಯಿತು. ಆ ಉಳಿಕೆ ಸೇರುತ್ತಾ ಸೇರುತ್ತಾ ಸುಮಾರು ಮೂವತ್ತೆರಡೂವರೆ ತಿಂಗಳಿಗೆ ಒಂದು ಇಡೀ ಚಾಂದ್ರಮಾಸ ಆಗುತ್ತದೆ. ಸೂರ್ಯ ಸಂಕ್ರಮಣವೇ ಇಲ್ಲದ ಆ ಮಾಸವನ್ನು ನಮ್ಮ ಪಂಚಾಂಗದವರು ಅಧಿಕ ಎನ್ನುತ್ತಾರೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದೇ ಹೆಚ್ಚುವರಿ ಹುಣ್ಣಿಮೆ ಯಾವುದಾದರೂ ತಿಂಗಳೊಳಗೆ ನುಗ್ಗಿ ಬ್ಲೂ ಮೂನ್ ಎನಿಸಿಕೊಳ್ಳುತ್ತದೆ.

19 ವರ್ಷ ತೆಗೆದುಕೊಳ್ಳಿ. ಅದರಲ್ಲಿ ಇಂಗ್ಲಿಷ್ ತಿಂಗಳು 228, ಹುಣ್ಣಿಮೆ 235. ಹೆಚ್ಚು ಬಂದದ್ದು ಏಳು. ನಮ್ಮಲ್ಲೂ 19 ವರ್ಷಕ್ಕೆ ಅಧಿಕ ಮಾಸ ಏಳೇ. ಒಂದೇ ತಿಂಗಳಿನಲ್ಲಿ ಬರಬೇಕೆಂದಿಲ್ಲ, ಆದರೆ ವರ್ಷಗಳನ್ನು ನೋಡಿ: 2015, 2018, 2020, 2023, 2026 ಎಲ್ಲದರಲ್ಲೂ ಅಧಿಕ ಮಾಸವೂ ಉಂಟು, ಬ್ಲೂ ಮೂನೂ ಉಂಟು. 2026ರಲ್ಲಂತೂ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15, ಬ್ಲೂ ಮೂನ್ ಮೇ 31. ಆ ಹುಣ್ಣಿಮೆ ಅಧಿಕದೊಳಗೇ ಬರುತ್ತದೆ. ಮನೆಯಲ್ಲಿ ಬಗ್ಗೋಣ ಪಂಚಾಂಗ ಇದ್ದವರು ತೆಗೆದು ನೋಡಬಹುದು.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಸರಿಯಾದ ಕನ್ನಡ ‘ಅಧಿಕ ಮಾಸಕ್ಕೊಮ್ಮೆ’. ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂದರೆ ಎರಡೂವರೆ ವರ್ಷಕ್ಕಿಂತ ಹೆಚ್ಚಿನ ಅಂತರವನ್ನು ಹದಿನೈದು ದಿನಕ್ಕೆ ಇಳಿಸಿದ ಹಾಗೆ.

ಹೊನ್ನಾವರ ಮಾಸ್ತರು

ಶಿರಸಿಯವರೇ, ಲೆಕ್ಕ ಅದ್ಭುತವಾಗಿದೆ, ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಅನುವಾದವನ್ನು ಮಾತ್ರ ಒಪ್ಪಲಾರೆ.

‘ಅಧಿಕ ಮಾಸಕ್ಕೊಮ್ಮೆ ಬರ್ತಾನೆ’ ಎಂದು ನಮ್ಮ ಕಡೆ ಯಾರೂ ಆಡುವುದಿಲ್ಲ. ಆಡದ ಮಾತನ್ನು ಲೆಕ್ಕ ಸರಿ ಇದೆ ಎಂದು ನುಡಿಗಟ್ಟು ಮಾಡಲು ಬರುವುದಿಲ್ಲ. ಅಷ್ಟೇ ಅಲ್ಲ, ಅಧಿಕ ಮಾಸ ನಮ್ಮ ಮಾತಿನೊಳಗೆ ಬಂದಿರುವುದು ‘ಬರಗಾಲದಲ್ಲಿ ಅಧಿಕ ಮಾಸ’ ಎಂದು. ಇರುವ ಕಷ್ಟಕ್ಕೆ ಇನ್ನೊಂದು ಸೇರಿತು ಎಂಬ ಅರ್ಥ. ಅಪರೂಪ ಎಂಬ ಭಾವ ಅಲ್ಲಿ ಇಲ್ಲವೇ ಇಲ್ಲ. ಉಣ್ಣಲು ಗತಿಯಿಲ್ಲದ ವರ್ಷದಲ್ಲಿ ದಾನ-ಧರ್ಮದ ಇನ್ನೊಂದು ತಿಂಗಳು ಬಂದವನ ಸಂಕಟ ಅದು. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಕನ್ನಡಿಗನಿಗೆ ನೆನಪಾಗುವುದು ಈ ಸಂಕಟ.

ಇಂಗ್ಲಿಷಿನವರೂ ಲೆಕ್ಕ ಹಾಕಿ ಆ ಮಾತು ಹುಟ್ಟಿಸಿದ್ದಲ್ಲ. 1528ರ ಒಂದು ಇಂಗ್ಲಿಷ್ ಪದ್ಯ ಪುಸ್ತಿಕೆಯಲ್ಲಿ ಪಾದ್ರಿಗಳನ್ನು ಟೀಕಿಸುತ್ತಾ, ಅವರು ಚಂದ್ರ ನೀಲಿ ಎಂದರೂ ನಾವು ನಂಬಬೇಕು ಎಂಬ ಮಾತು ಬರುತ್ತದೆ. ಅಂದರೆ ನೀಲಿ ಚಂದ್ರ ಎಂಬುದು ಮೊದಲು ಅಸಂಬದ್ಧಕ್ಕೆ ಹೇಳಿದ್ದು, ನಮ್ಮ ಮೊಲದ ಕೊಂಬಿನ ಹಾಗೆ. ಅಲ್ಲಿಂದ ‘ಎಂದೂ ಆಗದ್ದು’ ಎಂದಾಗಿ, 19ನೇ ಶತಮಾನದ ಹೊತ್ತಿಗೆ ‘ಬಹಳ ಅಪರೂಪಕ್ಕೆ’ ಎಂದು ಮೆತ್ತಗಾಯಿತು. 1821ರಲ್ಲೇ ಅಚ್ಚಿನಲ್ಲಿ ಈ ಅರ್ಥ ಸಿಗುತ್ತದೆ. ಪ್ರುಯೆಟ್ ಲೇಖನ ಬಂದದ್ದು ಅದಾಗಿ ನೂರಿಪ್ಪತ್ತೈದು ವರ್ಷಕ್ಕೆ. ಮಾತು ಮೊದಲು, ಲೆಕ್ಕ ಆಮೇಲೆ.

ಶಿರಸಿ ತೋಟದಿಂದ

ಇತಿಹಾಸ ಒಪ್ಪಿದೆ ಮಾಸ್ತರರೇ. ಆದರೂ ಅಂತರದ ಅಳತೆ ಮುಖ್ಯ ಎಂದೇ ನನಗೆ ಕಾಣುತ್ತದೆ. ನಮ್ಮನೆ ಅಜ್ಜಿ ಪೇಟೆಯ ನೆಂಟರ ಬಗ್ಗೆ ‘ಜಾತ್ರೆಗೊಂದು ಸಲ ಮೋರೆ ತೋರಿಸ್ತ’ ಹೇಳ್ತಿತ್ತು. ಮಾರಿಕಾಂಬೆ ಜಾತ್ರೆ ಇಲ್ಲಿ ಎರಡು ವರ್ಷಕ್ಕೊಮ್ಮೆ. ಶಿರಸಿಯ ಮಕ್ಕಳಿಗೆ ‘ಬ್ಲೂ ಮೂನ್’ ಎಷ್ಟು ದೂರ ಎಂದು ತಿಳಿಸಲು ನಾನಾದರೆ ಅದನ್ನೇ ಹೇಳುತ್ತಿದ್ದೆ. ಒಂದು ಜಾತ್ರೆಯಿಂದ ಇನ್ನೊಂದಕ್ಕೆ, ಮೇಲೊಂದು ಮಳೆಗಾಲ.

ಭಟ್ಕಳದವ, ಸದ್ಯ ದುಬೈ

ಮಾಸ್ತರರಿಗೆ ಸಲಾಂ. ಉರ್ದು-ಹಿಂದಿಯಲ್ಲಿ ಇದಕ್ಕೆ ಹತ್ತಿರದ ಮಾತು ‘ಈದ್ ಕಾ ಚಾಂದ್’. ಬಹಳ ದಿನಕ್ಕೆ ಕಂಡ ಗೆಳೆಯನಿಗೆ ‘ನೀನು ಈದಿನ ಚಂದ್ರ ಆಗಿಬಿಟ್ಟೆ’ ಎನ್ನುತ್ತಾರೆ. ರಜೆಗೆ ಊರಿಗೆ ಬಂದಾಗಲೆಲ್ಲ ನನಗೆ ಸಿಗುವ ಮೊದಲ ಮಾತು ಅದೇ. ಇದು ವ್ಯಕ್ತಿಗೆ ಹೇಳುವುದು, ಕೆಲಸಕ್ಕೆ ಹೇಳುವುದಿಲ್ಲ. ‘ಈದಿನ ಚಂದ್ರಕ್ಕೊಮ್ಮೆ ಮೀನು ತಿನ್ನುತ್ತೇನೆ’ ಎಂದರೆ ಯಾರಿಗೂ ಅರ್ಥವಾಗದು. ಮತ್ತೆ ಅದರಲ್ಲಿ ದೂರಿಗಿಂತ ಪ್ರೀತಿ ಹೆಚ್ಚು. ರಂಜಾನಿನ ಕೊನೆಗೆ ಎಲ್ಲರೂ ಮಾಡು ಹತ್ತಿ ಪಶ್ಚಿಮಕ್ಕೆ ಕಣ್ಣಿಟ್ಟು ಕಾಯುವ ಆ ತೆಳು ಗೆರೆಯ ಸಂತೋಷ ಅದರೊಳಗೆ ಇದೆ.

ಶಿರಸಿಯವರು ಹೇಳಿದ 11 ದಿನ ನಮ್ಮಲ್ಲೂ ಉಂಟು. ನಮ್ಮಲ್ಲಿ ಅಧಿಕ ಮಾಸ ಸೇರಿಸುವುದಿಲ್ಲ, ಹಾಗಾಗಿ ಈದ್ ಪ್ರತಿ ವರ್ಷ ಅಷ್ಟು ಹಿಂದೆ ಸರಿಯುತ್ತದೆ. 2024ರಲ್ಲಿ ಏಪ್ರಿಲ್ ಎರಡನೇ ವಾರ, 2025ರಲ್ಲಿ ಮಾರ್ಚ್ ಕೊನೆ. ಇಂಗ್ಲಿಷಿನವರಿಗೆ ಬ್ಲೂ ಮೂನ್, ನಿಮಗೆ ಅಧಿಕ ಮಾಸ, ನಮಗೆ ಸರಿಯುವ ಹಬ್ಬ. ಆ 11 ದಿನ ಯಾರನ್ನೂ ಬಿಟ್ಟಿಲ್ಲ.

ಕುಮಟಾ ಅಕ್ಕೋರು

ಇಷ್ಟು ವಿಷಯ ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಒಂದು ಉಳಿದಿದೆ. ಬ್ಲೂ ಮೂನ್ ದಿನ ಚಂದ್ರ ನೀಲಿ ಕಾಣುತ್ತದೆಯೇ?

ಅಂಕೋಲಾದ ಆಕಾಶ ನೋಡುವವಳು

ಇಲ್ಲ ಅಕ್ಕೋರೆ. ಬೇರೆ ಹುಣ್ಣಿಮೆಯ ಬಣ್ಣವೇ.

ಆದರೆ ನಿಜವಾಗಿ ನೀಲಿ ಚಂದ್ರ ಕಂಡದ್ದು ದಾಖಲಾಗಿದೆ, ಅದಕ್ಕೆ ಹುಣ್ಣಿಮೆಯೇ ಆಗಬೇಕೆಂದಿಲ್ಲ. 1883ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ಎಷ್ಟೋ ಕಡೆ ಚಂದ್ರ ನೀಲಿ-ಹಸಿರಾಗಿ ಕಂಡಿತು. 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಅಟ್ಲಾಂಟಿಕ್ ದಾಟಿ ಬ್ರಿಟನ್ನಿನವರೆಗೆ ಹೋಗಿ, ಅಲ್ಲಿ ಸೂರ್ಯನೂ ಚಂದ್ರನೂ ನೀಲಿಯಾದರು. ಕಾರಣ ಕಣಗಳ ಗಾತ್ರ. ಕೆಂಪು ಬೆಳಕಿನ ಅಲೆಯುದ್ದ ಸುಮಾರು 0.7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಬೂದಿ ಅಥವಾ ಹೊಗೆಯ ಕಣಗಳು ಅದಕ್ಕಿಂತ ತುಸು ದೊಡ್ಡದಾಗಿ, ಒಂದು ಮೈಕ್ರಾನಿನ ಆಸುಪಾಸು ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಕೆಂಪು ಚದುರಿ ಹೋಗುತ್ತದೆ, ನೀಲಿ ದಾಟಿ ಬರುತ್ತದೆ. ಮಾಮೂಲಿ ಹೊಗೆಯಲ್ಲಿ ಸಣ್ಣ ಕಣ, ದೊಡ್ಡ ಕಣ ಬೆರೆತಿರುವುದರಿಂದ ಹಾಗಾಗುವುದಿಲ್ಲ, ಹೆಚ್ಚಾಗಿ ಚಂದ್ರ ಕೆಂಪಾಗಿಯೇ ಕಾಣುತ್ತದೆ. ಈ ನೀಲಿಯೇ ನಿಜವಾದ ಅಪರೂಪ. ಕ್ಯಾಲೆಂಡರಿನದ್ದನ್ನು ವರ್ಷಗಟ್ಟಲೆ ಮೊದಲೇ ಹೇಳಬಹುದು, 2028ರ ಡಿಸೆಂಬರ್ 31ಕ್ಕೆ ಒಂದು ಇದೆ ಎಂದು ಈಗಲೇ ಬರೆದಿಡಬಹುದು. ಇದನ್ನು ಯಾರೂ ಹೇಳಲಾರರು.

ಪತ್ರಿಕೆಗಳು ‘ಇಂದು ಆಕಾಶದಲ್ಲಿ ನೀಲಿ ಚಂದ್ರ’ ಎಂದು ತಲೆಬರಹ ಕೊಟ್ಟು, ಪಕ್ಕದಲ್ಲಿ ನೀಲಿ ಬಣ್ಣ ಹಚ್ಚಿದ ಚಿತ್ರ ಹಾಕುವುದನ್ನು ನಿಲ್ಲಿಸಬೇಕು. ಮಕ್ಕಳು ನಂಬಿ ಎದ್ದು ಕೂತು ನೋಡಿ ನಿರಾಶರಾಗುತ್ತಾರೆ. ಆಕಾಶದ ಮೇಲಿನ ಆಸೆ ಒಮ್ಮೆ ಮುರಿದರೆ ಮತ್ತೆ ಹುಟ್ಟಿಸುವುದು ಕಷ್ಟ.

ಕಾರವಾರದ ನರ್ಸಕ್ಕ

ಮೊದಲಿಂದ ಓದಿದೆ. ಈ ಮಾತಿನಿಂದ ದವಾಖಾನೆಯಲ್ಲಿ ಆಗುವ ತೊಂದರೆ ಹೇಳಲೇಬೇಕು, ಏಕೆಂದರೆ ಅಲ್ಲಿ ಅಂಕ ಹೋಗುವುದಕ್ಕಿಂತ ದೊಡ್ಡ ನಷ್ಟ ಆಗುತ್ತದೆ.

ಹೊರ ಜಿಲ್ಲೆ, ಹೊರ ರಾಜ್ಯದಿಂದ ಬಂದ ಡಾಕ್ಟರುಗಳಿಗೆ ನಾವೇ ಮಾತು ದಾಟಿಸಬೇಕು. ‘ಎದೆ ನೋವು ಎಷ್ಟು ಸಲ ಬರ್ತದೆ?’ ಎಂದು ಕೇಳಿದರೆ ನಮ್ಮ ಹಿರಿಯರು ‘ಅಮಾಸೆಗೊಮ್ಮೆ ಹುಣ್ಮೆಗೊಮ್ಮೆ’ ಅನ್ನುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಜೊತೆಗೆ ಬಂದಿದ್ದ ಕಾಲೇಜು ಓದುವ ಮೊಮ್ಮಗ ಅದನ್ನು ‘ವನ್ಸ್ ಇನ್ ಎ ಬ್ಲೂ ಮೂನ್’ ಎಂದು ಹೇಳಿಬಿಟ್ಟ. ಡಾಕ್ಟರು ವರ್ಷಕ್ಕೆ ಒಂದೋ ಅರ್ಧವೋ ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಮತ್ತೆ ಕೂರಿಸಿ ಕೇಳಿದಾಗ ಗೊತ್ತಾದದ್ದು, ಆ ಅಜ್ಜ ಹೇಳಿದ್ದು ಅಕ್ಷರಶಃ. ಹದಿನೈದು ದಿನಕ್ಕೊಮ್ಮೆ, ದೊಡ್ಡ ಇಳಿತದ ದಿನ ದೋಣಿ ಎಳೆಯುವಾಗ ನೋವು ಬರುತ್ತಿತ್ತು. ಶ್ರಮ ಬಿದ್ದಾಗ ಬರುವ ಎದೆ ನೋವು ಎಂದರೆ ತಕ್ಷಣ ಇಸಿಜಿ ಮಾಡಿಸಬೇಕಾದ ಸಂಗತಿ.

ಹೊನ್ನಾವರ ಮಾಸ್ತರು

ನರ್ಸಕ್ಕಾ, ಇದನ್ನು ನಾನು ತರಗತಿಯಲ್ಲಿ ಎಂದೂ ಹೇಳಿಕೊಟ್ಟದ್ದಿಲ್ಲ, ಪಠ್ಯದಲ್ಲೂ ಇಲ್ಲ. ಇರಬೇಕಿತ್ತು. ನುಡಿಗಟ್ಟು ಎಲ್ಲಿ ಬಳಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗದು. ಅಂಥ ಹೊತ್ತಿಗೆ ಜೊತೆಗೆ ಹೋದ ಮಕ್ಕಳು ಏನು ಕೇಳಬೇಕು, ಹೇಗೆ ಹೇಳಬೇಕು? ಅಕ್ಕೋರಿಗೂ ಬೇಕಾಗುತ್ತದೆ, ಬರೆಯಿರಿ.

ಕಾರವಾರದ ನರ್ಸಕ್ಕ

ಮಾಸ್ತರರೇ, ‘ಎಷ್ಟು ಸಲ’ ಎಂದು ಸುಮ್ಮನೆ ಕೇಳಬಾರದು. ಹಾಗೆ ಕೇಳಿದರೆ ಉತ್ತರವೂ ಗಾದೆಯಲ್ಲೇ ಬರುತ್ತದೆ. ‘ಕಡೆಗೆ ಬಂದದ್ದು ಯಾವತ್ತು? ಅದರ ಹಿಂದಿನದು? ಚೌತಿಯಿಂದ ಈಚೆ ಎಷ್ಟು ಸಲ?’ ಹೀಗೆ ಒಂದು ಹಬ್ಬವನ್ನೋ ಸಂತೆಯ ದಿನವನ್ನೋ ಹಿಡಿದು ಕೇಳಬೇಕು. ಹಿರಿಯರಿಗೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಆಮೇಲೆ ‘ಏನು ಮಾಡ್ತಿದ್ದಾಗ ಬಂತು, ಎಷ್ಟು ಹೊತ್ತು ಇತ್ತು, ಕೂತರೆ ಕಡಿಮೆ ಆಯ್ತಾ?’ ಇಂಗ್ಲಿಷಿನಲ್ಲಿ ಹೇಳುವಾಗ ಬರೀ ಸಂಖ್ಯೆ ಸಾಕು. ‘ಟೂ ಟೈಮ್ಸ್ ಎ ಮಂಥ್, ವೈಲ್ ಪುಲ್ಲಿಂಗ್ ದ ಬೋಟ್.’ ಅಷ್ಟು ಹೇಳಿದರೆ ಯಾವ ಊರಿನ ಡಾಕ್ಟರಿಗೂ ಗೊತ್ತಾಗುತ್ತದೆ.